ಪ್ರಮೋಷನ್ ಬೇಡ ಅಂತ ಬರೆದುಕೊಡಲಾ, ಮೇಡಂ?

(ಗುರುತು ಸಿಗದ ಹಾಗೆ ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದ ಇವರನ್ನು ಸುಮಾ ಅಂತ ಕರೆಯೋಣ. ವಯಸ್ಸು 34. ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಬ್ಯಾಂಕಿನ ಕ್ಲರ್ಕ್. ಗಂಡ ಪಿಯು ಕಾಲೇಜಿನಲ್ಲಿ ಲೆಕ್ಚರರ್. ಐದು ವರ್ಷದ ಮಗಳು, ಒಂದೂವರೆ ವರ್ಷದ ಮಗ. ಅತ್ತೆ ಜೊತೆಗಿದ್ದಾರೆ.

ಬ್ಯಾಂಕಿನಲ್ಲಿ ಆಫೀಸರ್ ಪ್ರಮೋಷನ್‌ಗೆ ಅರ್ಜಿ ಕರೆದಿದ್ದರು. ಆಫೀಸರ್ ಆದರೆ ಬೇರೆ ಊರಿಗೆ ಹಾಕುವುದು ಬಹುತೇಕ ಖಚಿತ. ಸುಮಾಗೆ ಮೊದಲು ಕೇಳಬೇಕಿದ್ದ ಪ್ರಶ್ನೆ, "ಪ್ರಮೋಷನ್ ಬೇಡ ಅಂತ ಬರೆದುಕೊಡಲಾ?" ಮಾತು ಮುಂದುವರಿದ ಹಾಗೆ ಅದು "ಕೆಲಸಾನೇ ಬಿಟ್ಟುಬಿಡಲಾ ಮೇಡಂ?" ಅಂತಾಯಿತು.

ಎರಡಕ್ಕೂ ನಾನು ಉತ್ತರ ಕೊಡಲಿಲ್ಲ. ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ರಾತ್ರಿ ಮಗು ಎರಡು ಸಲ ಏಳುತ್ತದೆ, ಆಮೇಲೆ ಇವರಿಗೆ ನಿದ್ದೆ ಹತ್ತುವುದಿಲ್ಲ. ಸುಮ್ನೆ ಅಳು ಬರುತ್ತದೆ, ಕೂದಲು ಉದುರುತ್ತಿದೆ, ಮೆಟ್ಟಿಲು ಹತ್ತಿದರೆ ಸುಸ್ತು. ಹೆರಿಗೆಯಾಗಿ ವರ್ಷ ಕಳೆದ ಮೇಲೂ ಖಿನ್ನತೆ ಇರಬಹುದು. ಬರೀ ರಕ್ತಹೀನತೆಯೋ ಥೈರಾಯ್ಡೋ ಇದ್ದರೂ ಹೀಗೇ ಆಗುತ್ತದೆ. ಹಾಗಾಗಿ ಮೊದಲು ರಕ್ತಪರೀಕ್ಷೆಗೆ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಬಂತು, ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಿ ಅಂದೆ. ಅದು ಟೆಲಿ ಮನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೈಯಲ್ಲಿ ರಕ್ತವಿಲ್ಲದ ಹೆಂಗಸಿಗೆ ಟೈಮ್ ಮ್ಯಾನೇಜ್‌ಮೆಂಟ್ ಪಾಠ ಹೇಳುವುದು ನನಗೆ ಒಪ್ಪುವುದಿಲ್ಲ.

ಮುಂದಿನ ಸಲ ಒಬ್ಬರೇ ಬರಬೇಡಿ ಅಂದೆ. ಇಂಥ ಪ್ರಕರಣಗಳಲ್ಲಿ ಮನೆಯವರೆಲ್ಲ ಸೇರಿ ತಾಯಿಯೊಬ್ಬಳನ್ನೇ ಆಪ್ತಸಲಹೆಗೆ ಕಳಿಸುತ್ತಾರೆ, ಕೆಟ್ಟಿರುವುದು ಅವಳೊಬ್ಬಳೇ ಅನ್ನೋ ಹಾಗೆ! ಗಂಡ ಬಂದರು. ಒಳ್ಳೆಯ ಮನುಷ್ಯ. "ನಾನು ಹೆಲ್ಪ್ ಮಾಡ್ತೀನಲ್ಲ ಮೇಡಂ. ಅವಳು ಏನು ಹೇಳಿದ್ರೂ ಇಲ್ಲ ಅನ್ನಲ್ಲ" ಅಂದರು. ಮಗನಿಗೆ ಒಂದೂವರೆ ವರ್ಷದ ಹೊತ್ತಿಗೆ ಹಾಕಿಸುವ ಡಿಪಿಟಿ ಬೂಸ್ಟರ್, ದಡಾರ-ರುಬೆಲ್ಲಾ ಎರಡನೇ ಡೋಸ್ ಆಯಿತಾ ಅಂತ ಕೇಳಿದೆ. ಅವರು ಸುಮಾ ಮುಖ ನೋಡಿದರು. ಆಗಿತ್ತು. ಕರೆದುಕೊಂಡು ಹೋಗಿದ್ದು ಅವರೇ. ಆದರೆ ಲಸಿಕೆ ವಿವರ ಬರೆದಿಡುವ "ತಾಯಿ ಕಾರ್ಡ್" ತೆಗೆದು ತಾರೀಖು ನೋಡಿದ್ದು, ರಜೆ ಹೊಂದಿಸಿದ್ದು, ಜ್ವರ ಬಂದರೆ ಇರಲಿ ಅಂತ ಔಷಧಿ ತಂದಿಟ್ಟಿದ್ದು, "ಇವತ್ತು ಹೋಗಿ" ಅಂದಿದ್ದು ಸುಮಾ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಒಂದು ವಾರ ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಅಂತ ಬರೆದಿಡಲು ಹೇಳಿದೆ. ಒಬ್ಬರದ್ದು ಇನ್ನೊಬ್ಬರು ನೋಡಬಾರದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಆ ಲೆಕ್ಕವನ್ನು ನಾನು ಲೆಕ್ಚರರ್‌ಗೆ ಹೇಳಬೇಕಾಗಿಯೇ ಬರಲಿಲ್ಲ. ಎರಡೂ ಹಾಳೆ ಪಕ್ಕಪಕ್ಕ ಇಟ್ಟಾಗ ಅವರೇ ಸುಮ್ಮನಾದರು.

ಆದರೆ ಆ ಹಾಳೆಗಳಲ್ಲಿ ಮೂರನೆಯವರೊಬ್ಬರು ಇದ್ದರು. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ ತನಕ ಎರಡೂ ಹಾಳೆಯಲ್ಲಿ "ಮಗು: ಅತ್ತೆ", "ಮಗು: ಅಮ್ಮ" ಅಂತ ಇತ್ತು. ಕ್ಯಾಶ್ ತಾಳೆ ಆಗದ ದಿನ ಎಂಟು ಗಂಟೆ ತನಕ.

ಅತ್ತೆಯ ಬಗ್ಗೆ ಸುಮಾ ಬರೀ ದೂರನ್ನೇ ಹೇಳಿದ್ದರು. ಮಾತು ಚುಚ್ಚುತ್ತದೆ, "ದುಡಿಯೋ ಹೆಂಗಸರ ಮನೆ ಅಂದ್ರೆ ಇಷ್ಟೇ" ಅನ್ನುತ್ತಾರೆ ಅಂತ. ಅವರನ್ನೂ ಕರೆಸಿದೆ. 67 ವರ್ಷ, ಮಂಡಿನೋವು. ಮಗು ಎತ್ತಿಕೊಂಡು ಮೆಟ್ಟಿಲು ಇಳಿಯಲು ಹೆದರಿಕೆ. ಊರಿನ ಮನೆಗೆ ಬೀಗ ಹಾಕಿ ಬಂದಿದ್ದಾರೆ. ಅಲ್ಲಿ ಸ್ತ್ರೀಶಕ್ತಿ ಸಂಘ ಇತ್ತು, ಜಗಲಿ ಮೇಲೆ ಮಾತಾಡಲು ಜನ ಇದ್ದರು. "ಮೊಮ್ಮಕ್ಕಳನ್ನ ನೋಡಕ್ಕೆ ನನಗೇನು ಬೇಜಾರಿಲ್ಲಮ್ಮ. ಆದ್ರೆ ನಿನ್ ಕೈಲಿ ಆಗುತ್ತಾ ಅಂತ ಇವರಿಬ್ರಲ್ಲಿ ಒಬ್ರಾದ್ರೂ ಕೇಳಿದ್ರಾ?" ಅಂದರು. ಸುಮಾ ಅತ್ತರು. ಮಗ ಮಾತ್ರ "ಅಮ್ಮ, ನೀನೇ ಬರ್ತೀನಿ ಅಂದಿದ್ದಲ್ವಾ" ಅಂತ ವಾದಕ್ಕಿಳಿದರು. ಅವರನ್ನು ಅಲ್ಲೇ ತಡೆದೆ.

ನನ್ನ ಮಟ್ಟಿಗೆ ಪ್ರಕರಣದ ಗಂಟು ಇದೇ. ಸುಮಾ ತಮ್ಮ ತಪ್ಪಿತಸ್ಥ ಭಾವದಲ್ಲೇ ಮುಳುಗಿದ್ದರು, ಗಂಡ ಮನೆ ನಡೆಯುತ್ತಿದೆ ಅಂದುಕೊಂಡಿದ್ದರು. ಇಬ್ಬರ ಸಂಬಳವೂ ನಿಂತಿದ್ದು ಸಂಬಳವಿಲ್ಲದ ಒಬ್ಬ ಮುದುಕಿಯ ಮಂಡಿಯ ಮೇಲೆ. ಆಕೆಗೆ ರಜೆಯೂ ಇಲ್ಲ, ಒಂದು ಥ್ಯಾಂಕ್ಸೂ ಇಲ್ಲ.

ಹೇಳಿದ ಸಲಹೆಗಳಲ್ಲಿ ಮೊದಲನೆಯದು, ಬೆಳಗ್ಗೆ ಹತ್ತರಿಂದ ನಾಲ್ಕರ ತನಕ ಮಗು ನೋಡಿಕೊಳ್ಳಲು ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಿ ಅಂತ. ಅತ್ತೆ ಮೇಲ್ವಿಚಾರಣೆ ಮಾಡಲಿ, ಎತ್ತಿಕೊಂಡು ಓಡಾಡುವುದು ಬೇಡ. ಸುಮಾ ತಕ್ಷಣ "ನನ್ನ ಸಂಬಳದಲ್ಲಿ ಅಷ್ಟು ಹೋದ್ರೆ ಉಳಿಯೋದೇನು?" ಅಂದರು. ಈ ಲೆಕ್ಕ ಎಲ್ಲ ಮನೆಯಲ್ಲೂ ಕೇಳುತ್ತೇನೆ. ಆಯಾ ಸಂಬಳವನ್ನು ತಾಯಿಯ ಸಂಬಳದಿಂದ ಮಾತ್ರ ಯಾಕೆ ಕಳೆಯಬೇಕು? ಮಗು ಇಬ್ಬರದ್ದಲ್ವಾ? ಇಬ್ಬರ ಸಂಬಳ ಕೂಡಿಸಿ ಅದರಲ್ಲಿ ಕಳೆಯಿರಿ ಅಂದೆ. ಕೆಲಸ ಬಿಟ್ಟರೆ ಹೋಗುವುದು ಈ ತಿಂಗಳ ಸಂಬಳ ಮಾತ್ರ ಅಲ್ಲ. 2010ರ ಏಪ್ರಿಲ್ ನಂತರ ಸರ್ಕಾರಿ ಬ್ಯಾಂಕಿಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಇದೆ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ಬ್ಯಾಂಕ್ ಹಾಕುವ 14 ಪರ್ಸೆಂಟ್ ಪಾಲೂ ಅಲ್ಲಿಗೇ ನಿಲ್ಲುತ್ತದೆ.

50 ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಕಾನೂನು ಹೇಳುತ್ತದೆ. ಹನ್ನೊಂದು ಜನರ ಶಾಖೆಯಲ್ಲಿ ತೊಟ್ಟಿಲು ಕಟ್ಟುವವರು ಯಾರು? ಅದನ್ನು ನಂಬಿ ಕೂರಬೇಡಿ ಅಂದೆ.

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆ ವಾರಗಳಲ್ಲಿ ಅತ್ತೆ ಶುಕ್ರವಾರ ಸಂಜೆಯೇ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ಬರಲಿ, ಯಾರ ಅಪ್ಪಣೆಯೂ ಬೇಡ ಅಂದೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಬಸ್ ಚಾರ್ಜಿನ ಚಿಂತೆಯೂ ಇಲ್ಲ.

ಗಂಡನಿಗೆ "ಹೆಲ್ಪ್" ಬೇಡ, ಪೂರ್ತಿ ಜವಾಬ್ದಾರಿ ತಗೊಳ್ಳಿ ಅಂದೆ. ಮಗಳ ಶಾಲೆ, ಎರಡೂ ಮಕ್ಕಳ ಲಸಿಕೆ ಮತ್ತು ಡಾಕ್ಟರ್, ಬೆಳಗಿನ ತಿಂಡಿ. ತಿಂಡಿ ಅಂದರೆ ಅಕ್ಕಿ ನೆನೆ ಹಾಕಬೇಕು ಅನ್ನೋ ನೆನಪಿನಿಂದ ಹಿಡಿದು ಬಾಣಲೆ ತೊಳೆಯುವ ತನಕ. ಸುಮಾಗೂ ಒಂದು ಮಾತು ಹೇಳಿದೆ, ಅದು ಅವರಿಗೆ ಜಾಸ್ತಿ ಕಷ್ಟವಾಯಿತು. ಗಂಡ ಮಾಡಿದ ಚಿತ್ರಾನ್ನಕ್ಕೆ ಉಪ್ಪು ಜಾಸ್ತಿಯಾದರೂ ಅಡುಗೆಮನೆಗೆ ಕಾಲಿಡಬೇಡಿ.

ಇನ್ನೊಂದು, ಬೆಳಗಿನ ಹೊತ್ತಿನದ್ದು. ಮಗ ಅಳುತ್ತಾನೆ ಅಂತ ಸುಮಾ ಹಿತ್ತಲ ಬಾಗಿಲಿನಿಂದ ಕದ್ದು ಹೋಗುತ್ತಿದ್ದರು. ಒಂದರಿಂದ ಒಂದೂವರೆ ವರ್ಷದ ಸುಮಾರಿಗೆ ಮಕ್ಕಳಿಗೆ ಅಮ್ಮ ಕಣ್ಮರೆಯಾಗುವ ಭಯ ಜೋರಾಗಿಯೇ ಇರುತ್ತದೆ. ಕದ್ದು ಹೋದರೆ ಅಮ್ಮ ಯಾವಾಗ ಮಾಯವಾಗುತ್ತಾಳೋ ಅಂತ ಮಗು ಇಡೀ ಹೊತ್ತು ಸೆರಗು ಹಿಡಿದೇ ಇರುತ್ತದೆ. ಎದುರಿಗೇ ಟಾಟಾ ಮಾಡಿ, "ದೀಪ ಹಚ್ಚೋ ಹೊತ್ತಿಗೆ ಬರ್ತೀನಿ" ಅಂತ ದಿನಾ ಅದೇ ಮಾತು ಹೇಳಿ ಹೊರಡಿ. ಅಳಲಿ. ತಡವಾಗುವ ದಿನ ಮೊದಲೇ ಫೋನ್ ಮಾಡಿ ಮಗುವಿನ ಹತ್ತಿರ ಮಾತಾಡಿ. ಸ್ವಲ್ಪ ದಿನ ಅಳು ಜಾಸ್ತಿಯಾಗಿ, ಆಮೇಲೆ ಇಳಿಯಿತು.

ಪ್ರಮೋಷನ್ ವಿಷಯ ಕೊನೆಗೆ ಬಂತು. ಬೇಡ ಅನ್ನುವ ಮೊದಲು ಮತ್ತೆ ಯಾವಾಗ ಅವಕಾಶ ಸಿಗುತ್ತದೆ ಅನ್ನುವುದನ್ನು ಬ್ಯಾಂಕಿನ ನಿಯಮದಲ್ಲಿ ನೋಡಿ, ಯೂನಿಯನ್‌ನವರನ್ನೂ ಕೇಳಿ ಅಂದೆ. ಸರ್ಕಾರಿ ಬ್ಯಾಂಕಿನ ಮಹಿಳಾ ಉದ್ಯೋಗಿಗಳನ್ನು ಆದಷ್ಟೂ ಗಂಡ ಇರುವ ಊರಿಗೋ ಅದರ ಹತ್ತಿರಕ್ಕೋ ಹಾಕಬೇಕು ಅಂತ ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2014ರಲ್ಲೇ ಬ್ಯಾಂಕುಗಳಿಗೆ ಬರೆದಿದೆ. ಅದನ್ನು ತೋರಿಸಿ ಅರ್ಜಿ ಹಾಕಬಹುದು. ಒಪ್ಪಲೇಬೇಕು ಅಂತೇನಿಲ್ಲ, ಕೇಳದೆ ಇದ್ದರೆ ಅದೂ ಇಲ್ಲ.

ಸುಮಾ ಪರೀಕ್ಷೆ ಬರೆದರು. ಪೋಸ್ಟಿಂಗ್ ದೂರದ ಊರಿಗೆ ಬಂದರೆ ಒಂದು ವರ್ಷ ಯಾರು ಎಲ್ಲಿ ಇರಬೇಕು ಅನ್ನೋದನ್ನು ಈ ಸಲ ಮೂವರೂ ಕೂತು ಮಾತಾಡಿದ್ದಾರೆ. ಅತ್ತೆಯ ಷರತ್ತು ಒಂದೇ, ಅಡಿಕೆ ಕೊಯ್ಲಿನ ಹೊತ್ತಿಗೆ ತಾನು ಊರಲ್ಲಿರಬೇಕು. ಗಂಡ ಈಗಲೂ ಎರಡೇ ತಿಂಡಿ ಮಾಡುತ್ತಾರಂತೆ, ಉಪ್ಪಿಟ್ಟು ಮತ್ತು ಅವಲಕ್ಕಿ.