24 ವರ್ಷ ಸೇನೆಯಲ್ಲಿದ್ದು ಹೊರಬರುವ ಹವಾಲ್ದಾರರು ಖಾಸಗಿ ಕಂಪನಿಯ ಇಂಟರ್‌ವ್ಯೂನಲ್ಲಿ ಏನು, ಹೇಗೆ ಹೇಳಬೇಕು?

ಎಎಸ್‌ಸಿಯಲ್ಲಿ (ಸೇನೆಯ ಸಾರಿಗೆ ಮತ್ತು ಸರಬರಾಜು ನೋಡುವ ಆರ್ಮಿ ಸರ್ವೀಸ್ ಕೋರ್) 24 ವರ್ಷ, ಅದರಲ್ಲಿ ಕೊನೆಯ ಆರು ವರ್ಷ ಎಂಟಿ, ಅಂದರೆ ಗಾಡಿಗಳ ವಿಭಾಗದ ಹವಾಲ್ದಾರ್. ನಾಲ್ಕು ತಿಂಗಳಲ್ಲಿ ನಿವೃತ್ತಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಹುದ್ದೆಗೆ ಇಂಟರ್‌ವ್ಯೂ ಬಂದಿದೆ. "ಕೆಲಸ ಬರುತ್ತೆ, ಅವರ ಮುಂದೆ ಹೇಳೋದು ಬರಲ್ಲ" ಎಂದು ಬರೆದಿದ್ದೀರಿ. ನಿಮ್ಮ ಈ ಕೊನೆಯ ಮಾತನ್ನೇ ಹಿಡಿದು ಉತ್ತರಿಸುತ್ತೇನೆ, ಯಾಕೆಂದರೆ ಸೇನೆಯಿಂದ ಬಂದವರು ಎಡವುವುದು ಹೆಚ್ಚಾಗಿ ಅಲ್ಲೇ.

ಎದುರಿಗೆ ಕೂತವರಿಗೆ ಸೈನಿಕರ ಮೇಲೆ ಗೌರವ ಇದ್ದೇ ಇರುತ್ತದೆ. ಆದರೆ ಎಂಟಿ ಹವಾಲ್ದಾರ್ ಅಂದರೆ ಬೆಳಗ್ಗೆಯಿಂದ ರಾತ್ರಿವರೆಗೆ ಏನು ಮಾಡುತ್ತಾನೆ ಎಂದು ಅವರಿಗೆ ಗೊತ್ತಿಲ್ಲ. ಹೆಚ್ಚಿನವರು ಡ್ರೈವರ್ ಎಂದುಕೊಳ್ಳುತ್ತಾರೆ. ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಎಡಕ್ಕೆ ಯೂನಿಟ್‌ನ ಮಾತು, ಬಲಕ್ಕೆ ಕಂಪನಿಯ ಮಾತು ಬರೆಯಿರಿ. ಗಾಡಿ ಡಿಟೇಲ್ ಮಾಡುವುದು ಅಂದರೆ ಅವರ ಭಾಷೆಯಲ್ಲಿ ಟ್ರಿಪ್ ಷೆಡ್ಯೂಲಿಂಗ್. ಮೇಂಟೆನೆನ್ಸ್ ಪರೇಡ್ ಅಂದರೆ ಪ್ರಿವೆಂಟಿವ್ ಮೇಂಟೆನೆನ್ಸ್. ಕಾರ್ ಡೈರಿ ಅಂದರೆ ಲಾಗ್‌ಬುಕ್. ಪಿಓಎಲ್ ಲೆಕ್ಕ ಅಂದರೆ ಫ್ಯೂಯಲ್ ರಿಪೋರ್ಟ್. ವಿಓಆರ್ ಗಾಡಿ ಅಂದರೆ ಬ್ರೇಕ್‌ಡೌನ್ ಆಗಿ ನಿಂತ ಗಾಡಿ. ಇಂಟರ್‌ವ್ಯೂನಲ್ಲಿ ಬಲಗಡೆಯ ಪದಗಳನ್ನೇ ಬಳಸಿ. ಬಾಯಿಗೆ ರೂಢಿಯಾಗಲು ಒಂದು ವಾರ ಬೇಕು, ಹಿಂದಿನ ರಾತ್ರಿ ಓದಿಕೊಂಡರೆ ಆಗುವುದಿಲ್ಲ.

"ನಿಮ್ಮ ಬಗ್ಗೆ ಹೇಳಿ" ಎಂಬುದು ಮೊದಲ ಪ್ರಶ್ನೆ. ಊರು, ತಂದೆಯ ಹೆಸರು, ಭರ್ತಿಯಾದ ವರ್ಷ, ಟ್ರೇನಿಂಗ್ ಸೆಂಟರ್, ಒಂದೊಂದೇ ಪೋಸ್ಟಿಂಗ್ ಎಂದು ಶುರು ಮಾಡಿದರೆ ಐದು ನಿಮಿಷವಾದರೂ ಹುದ್ದೆಗೆ ಸಂಬಂಧಪಟ್ಟ ಮಾತು ಬರುವುದಿಲ್ಲ. ಒಂದೂವರೆ ನಿಮಿಷದಲ್ಲಿ ಮುಗಿಸಿ, ಮತ್ತು ಈಗಿನಿಂದ ಹಿಂದಕ್ಕೆ ಹೋಗಿ. ಹೀಗೆ:

"ಸೇನೆಯ ಸಾರಿಗೆ ವಿಭಾಗದಲ್ಲಿ 24 ವರ್ಷ ಕೆಲಸ ಮಾಡಿದ್ದೇನೆ. ಕೊನೆಯ ಆರು ವರ್ಷ ಇಪ್ಪತ್ತಕ್ಕೂ ಹೆಚ್ಚು ಗಾಡಿ, ಮೂವತ್ತರಷ್ಟು ಚಾಲಕರ ಜವಾಬ್ದಾರಿ ನನ್ನದಾಗಿತ್ತು. ದಿನದ ಟ್ರಿಪ್ ಹಂಚುವುದು, ಸರ್ವೀಸ್ ದಿನಾಂಕ ನೋಡುವುದು, ಡೀಸೆಲ್ ಲೆಕ್ಕ, ಚಾಲಕರ ಡ್ಯೂಟಿ ಮತ್ತು ರಜೆ ಎಲ್ಲ ನಾನೇ ನೋಡುತ್ತಿದ್ದೆ. ನಿಮ್ಮಲ್ಲೂ ಮುಖ್ಯವಾಗಿ ಇದೇ ಕೆಲಸ ಎಂದು ಓದಿ ಅರ್ಜಿ ಹಾಕಿದೆ."

ಅಂಕಿಗಳ ಜಾಗದಲ್ಲಿ ನಿಮ್ಮದನ್ನು ಹಾಕಿಕೊಳ್ಳಿ. ಆದರೆ ಯೂನಿಟ್ ಹೆಸರು, ಇದ್ದ ಜಾಗ, ಯೂನಿಟ್‌ನ ನಿಖರ ಸಂಖ್ಯಾಬಲ ಇವನ್ನು ಬಯೋಡೇಟಾದಲ್ಲೂ ಹಾಕಬೇಡಿ, ಬಾಯಲ್ಲೂ ಹೇಳಬೇಡಿ. "ಉತ್ತರದ ಗಡಿ ಪ್ರದೇಶ" ಎಂದರೆ ಸಾಕು. 1923ರ ಅಧಿಕೃತ ರಹಸ್ಯ ಕಾಯಿದೆ ನಿವೃತ್ತಿಯ ನಂತರವೂ ನಿಮಗೆ ಅನ್ವಯಿಸುತ್ತದೆ.

ಈ ಮಾದರಿಯಲ್ಲಿ "ನನ್ನದಾಗಿತ್ತು", "ನಾನೇ ನೋಡುತ್ತಿದ್ದೆ" ಎಂದು ಬಂದಿರುವುದನ್ನು ಗಮನಿಸಿ. ಸೇನೆ ಕಲಿಸುವುದು "ನಾವು". ಒಳ್ಳೆಯದಾದರೆ ಸೆಕ್ಷನ್‌ನ ಹೆಸರು, ಕೆಟ್ಟದ್ದಾದರೆ ತನ್ನ ತಲೆ. ಅದು ದೊಡ್ಡ ಗುಣ. ಆದರೆ "ನಾವು ಮಾಡಿದ್ವಿ, ನಮ್ಮವರು ಮುಗಿಸಿದ್ರು" ಎಂದಾಗ ಕೇಳುವವರಿಗೆ ಅದರಲ್ಲಿ ನಿಮ್ಮ ಪಾಲು ಯಾವುದೆಂದು ತಿಳಿಯುವುದಿಲ್ಲ. ತಂಡದ್ದನ್ನು ತಂಡಕ್ಕೆ ಕೊಡಿ, ನೀವು ತೀರ್ಮಾನಿಸಿದ್ದನ್ನು "ನಾನು" ಎಂದೇ ಹೇಳಿ. ಅದು ಜಂಭವಲ್ಲ.

"ಸೇನೆ ಯಾಕೆ ಬಿಟ್ಟಿರಿ?" ನಿಮಗೆ ಇದು ಸುಲಭ. "ಹವಾಲ್ದಾರ್ ದರ್ಜೆಯ ಸೇವಾವಧಿ ಮುಗಿಯಿತು" ಎಂದು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗಿ. ಅವಧಿಗೆ ಮೊದಲೇ ಬಂದವರು ಮನೆಯ ಕಾರಣವನ್ನು ಇದ್ದ ಹಾಗೆ ಹೇಳಬಹುದು. ಪ್ರಮೋಷನ್ ಸಿಗಲಿಲ್ಲ, ಸಾಹೇಬರು ಸರಿ ಇರಲಿಲ್ಲ ಎಂಬ ಮಾತು ಮಾತ್ರ ಬೇಡ. ನಾಳೆ ನಮ್ಮ ಬಗ್ಗೆಯೂ ಹೀಗೇ ಹೇಳುತ್ತಾರೆ ಎಂದು ಅವರಿಗೆ ಅನ್ನಿಸುತ್ತದೆ. ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರು ಇದನ್ನು ಓದುತ್ತಿದ್ದರೆ, "ನನ್ನನ್ನು ಉಳಿಸಿಕೊಳ್ಳಲಿಲ್ಲ" ಎನ್ನಬೇಡಿ. ನಿಮ್ಮದು ನಾಲ್ಕು ವರ್ಷದ ಒಪ್ಪಂದ, ಅದನ್ನು ಪೂರ್ತಿ ಮಾಡಿದ್ದೀರಿ.

"ನಮ್ಮ ಮ್ಯಾನೇಜರಿಗೆ 29 ವರ್ಷ. ಅವರ ಕೆಳಗೆ ಕೆಲಸ ಮಾಡ್ತೀರಾ?" 43ರ ವಯಸ್ಸಿನಲ್ಲಿ ಬಂದವರಿಗೆ ಈ ಪ್ರಶ್ನೆ ಬರದೇ ಇರುವುದು ಕಡಿಮೆ. ಇದಕ್ಕೆ ನಿಮ್ಮಷ್ಟು ಗಟ್ಟಿ ಉತ್ತರ ಬೇರೆಯವರ ಹತ್ತಿರ ಇಲ್ಲ. 23ರ ಲೆಫ್ಟಿನೆಂಟ್‌ಗಳ ಕೈಕೆಳಗೆ ನಲವತ್ತು ದಾಟಿದ ಸುಬೇದಾರರು ದುಡಿಯುವ ಜಾಗದಿಂದ ನೀವು ಬಂದಿದ್ದೀರಿ. ಅದನ್ನೇ ಹೇಳಿ. ಜೊತೆಗೆ, ಅಧಿಕಾರಿಯ ತೀರ್ಮಾನ ಸರಿಯಿಲ್ಲ ಅನ್ನಿಸಿದಾಗ ನೀವು ಅದನ್ನು ಹೇಗೆ ತಿಳಿಸುತ್ತಿದ್ದಿರಿ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಇಟ್ಟುಕೊಳ್ಳಿ. ಅವರ ಒಳಗಿನ ಅಳುಕು ಎರಡು: ಈ ಮನುಷ್ಯ ಮಾತು ಕೇಳುವುದಿಲ್ಲವೇನೋ, ಅಥವಾ ಹೇಳಿದ್ದಕ್ಕೆಲ್ಲ ಹೂಂ ಎಂದು ತಪ್ಪನ್ನೂ ಮಾಡಿಬಿಡುತ್ತಾನೇನೋ. ಒಂದೇ ಉದಾಹರಣೆ ಎರಡನ್ನೂ ಕಳೆಯಬೇಕು.

ಇನ್ನು ನಿಜವಾದ ಪರೀಕ್ಷೆ, ಸಂದರ್ಭದ ಪ್ರಶ್ನೆಗಳು. "ರಾತ್ರಿ ಹನ್ನೊಂದೂವರೆ. ಕ್ಯಾಬ್ ಡ್ರೈವರ್ ಕುಡಿದು ಬಂದಿದ್ದಾನೆ. ಏನ್ಮಾಡ್ತೀರಿ?" "ಕಡಕ್ ಆ್ಯಕ್ಷನ್ ತಗೋತೀನಿ" ಎಂದರೆ ಇಂಟರ್‌ವ್ಯೂ ಅಲ್ಲಿಗೇ ಮುಗಿದ ಹಾಗೆ. ಡ್ರೈವರ್ ನಿಮ್ಮ ಸಿಪಾಯಿ ಅಲ್ಲ, ಹೆಚ್ಚಿನ ಕಡೆ ಅವನು ಕಂಪನಿಯ ನೌಕರನೂ ಅಲ್ಲ, ಗಾಡಿ ಒದಗಿಸುವ ವೆಂಡರ್‌ನವನು. ಕ್ರಮವಾಗಿ ಹೇಳಿ: ಮೊದಲು ಟ್ರಿಪ್ ನಿಲ್ಲಿಸಿ ಕೀಲಿ ತೆಗೆದುಕೊಳ್ಳುತ್ತೇನೆ. ಬದಲಿ ಕ್ಯಾಬ್ ಹಾಕಿ, ಕಾಯುತ್ತಿರುವ ಉದ್ಯೋಗಿಗಳಿಗೆ ಎಷ್ಟು ನಿಮಿಷ ತಡ ಎಂದು ತಿಳಿಸುತ್ತೇನೆ. ಸೆಕ್ಯುರಿಟಿಯವರ ಎದುರು ಬ್ರೆತ್ ಅನಲೈಸರ್ ಪರೀಕ್ಷೆ ಮಾಡಿಸಿ ಅದು ತೋರಿಸಿದ ಅಂಕಿಯನ್ನು ಬರೆದಿಡುತ್ತೇನೆ. ವೆಂಡರ್‌ಗೆ ಫೋನ್, ಮ್ಯಾನೇಜರ್‌ಗೆ ಅದೇ ರಾತ್ರಿ ಮೇಲ್. ಆ ಡ್ರೈವರ್ ತಾನೇ ಗಾಡಿ ಓಡಿಸಿಕೊಂಡು ಮನೆಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಆದರೆ ಉದ್ಯೋಗಿಗಳನ್ನು ಕರೆದೊಯ್ಯುವ ಗಾಡಿಗೆ ನೀವು ಸೊನ್ನೆಯನ್ನೇ ಮಿತಿ ಎಂದುಕೊಳ್ಳಿ.

ರಾತ್ರಿ ಪಾಳಿಯ ಮಹಿಳೆಯರ ಡ್ರಾಪ್ ಬಗ್ಗೆಯೂ ಖಂಡಿತ ಕೇಳುತ್ತಾರೆ. ಮಹಿಳೆ ಮೊದಲ ಪಿಕಪ್ ಅಥವಾ ಕೊನೆಯ ಡ್ರಾಪ್ ಆಗದಂತೆ ರೂಟ್ ಬದಲಿಸುವುದು, ಆಗದಿದ್ದರೆ ಎಸ್ಕಾರ್ಟ್ ಕಳಿಸುವುದು, ಮನೆ ಸೇರಿದ ಮೇಲೆ ಖಚಿತಪಡಿಸಿಕೊಂಡು ಟ್ರಿಪ್ ಮುಗಿಸುವುದು, ಇದು ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಪಾಲಿಸುವ ಪದ್ಧತಿ. ಗಾಡಿ ಒಳಗೆ ಬಿಡುವ ಮೊದಲು ನೋಡುವ ಕಾಗದಗಳ ಪಟ್ಟಿ ನಾಲಿಗೆ ತುದಿಯಲ್ಲಿರಲಿ: ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಇನ್ಶೂರೆನ್ಸ್, ಎಮಿಷನ್, ಟ್ಯಾಕ್ಸ್, ಡ್ರೈವರ್‌ನ ಡಿಎಲ್ ಮತ್ತು ಪೊಲೀಸ್ ವೆರಿಫಿಕೇಷನ್. ಸೇನೆಯ ಗಾಡಿಗೆ ಇವುಗಳಲ್ಲಿ ಬಹಳಷ್ಟು ಬೇಕಿರಲಿಲ್ಲ, ಆದ್ದರಿಂದ ನಿಮಗೆ ಇದು ಹೊಸ ಪಾಠವೇ. ಒಂದು ದಿನ ಕೂತು ಕಲಿಯಿರಿ. ಹಾಗೆಯೇ ಸೇನೆಯ ಲೈಸೆನ್ಸ್ ಹೊರಗಿನ ಗಾಡಿಗೆ ನಡೆಯುವುದಿಲ್ಲ, ಆರ್‌ಟಿಓದಲ್ಲಿ ಸಿವಿಲ್ ಲೈಸೆನ್ಸ್ ಈಗಲೇ ಮಾಡಿಸಿಕೊಳ್ಳಿ.

"ಕಂಪ್ಯೂಟರ್ ಬರುತ್ತಾ?" ಬರುತ್ತೆ ಎಂದ ಕೂಡಲೇ ಲ್ಯಾಪ್‌ಟಾಪ್ ತಿರುಗಿಸಿ ಕೊಡುವವರಿದ್ದಾರೆ. ಎಕ್ಸೆಲ್‌ನಲ್ಲಿ 30 ಗಾಡಿಗಳ ಪಟ್ಟಿ ಮಾಡಿ: ಓಡಿದ ಕಿಲೋಮೀಟರ್, ಹಾಕಿದ ಲೀಟರ್, ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ ಮೈಲೇಜ್. ಸಾರ್ಟ್, ಫಿಲ್ಟರ್, ಸಮ್, ಸಮ್‌ಇಫ್ ಇಷ್ಟು ಕೈಗೆ ಹತ್ತಿದರೆ ಈ ಹುದ್ದೆಗೆ ಸಾಲುತ್ತದೆ. ಒಂದು ಗಾಡಿಯ ಮೈಲೇಜ್ 12ರಿಂದ 9ಕ್ಕೆ ಇಳಿದಿದ್ದರೆ ಕಾರಣ ಏನಿರಬಹುದು ಎಂದು ಕೇಳಿಯಾರು. ಟೈರ್ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಎಸಿ ಹಾಕಿ ನಿಲ್ಲಿಸಿದ ಹೊತ್ತು, ಕೊನೆಗೆ ಡೀಸೆಲ್ ಕಳವು. ಕಳವನ್ನು ಕೊನೆಗೆ ಹೇಳುವುದಕ್ಕೆ ಕಾರಣವಿದೆ. ಮೊದಲೇ ಹೇಳಿದರೆ ಪರೀಕ್ಷಿಸದೆ ಜನರ ಮೇಲೆ ಅನುಮಾನ ಪಡುವವರಂತೆ ಕಾಣುತ್ತೀರಿ.

ಸಂಬಳದ ವಿಷಯಕ್ಕೆ ಬರೋಣ, ಇಲ್ಲಿ ನಮ್ಮ ಜನ ಮೋಸ ಹೋಗುವುದನ್ನು ನೋಡಿ ಬೇಸರವಾಗುತ್ತದೆ. "ನಿಮಗೆ ಪೆನ್ಷನ್ ಬರುತ್ತಲ್ಲ, ಸ್ವಲ್ಪ ಕಡಿಮೆ ಆದರೂ ನಡೆಯುತ್ತೆ ಅಲ್ವಾ?" ಎಂದು ನಗುತ್ತಲೇ ಕೇಳುತ್ತಾರೆ. ನೀವೂ ನಗುತ್ತಲೇ ಹೇಳಿ: "ಪೆನ್ಷನ್ ನಾನು ಆಗಲೇ ಮಾಡಿದ ಸೇವೆಗೆ ಬರುವುದು ಸರ್. ಸಂಬಳ ಈ ಹುದ್ದೆಯ ಕೆಲಸಕ್ಕೆ. ಈ ಹುದ್ದೆಗೆ ನೀವು ಬೇರೆಯವರಿಗೆ ಏನು ಕೊಡುತ್ತೀರೋ ಅದನ್ನೇ ಕೇಳುತ್ತಿದ್ದೇನೆ." ಸರ್ಕಾರಿ ಮರುನೇಮಕದಲ್ಲಿ ಪೇ ಫಿಕ್ಸೇಷನ್ (ಸಂಬಳ ನಿಗದಿ) ನಿಯಮಗಳಿವೆ, ಖಾಸಗಿ ಕಂಪನಿಯಲ್ಲಿ ಪೆನ್ಷನ್ನಿಗೂ ಸಂಬಳಕ್ಕೂ ಸಂಬಂಧವಿಲ್ಲ. ಪೆನ್ಷನ್ ಎಷ್ಟೆಂದು ಅಂಕಿ ಹೇಳುವ ಅಗತ್ಯವೂ ಇಲ್ಲ. ಸೇರಿದ ಮೇಲೆ ಮಾತ್ರ ಟ್ಯಾಕ್ಸ್ ಲೆಕ್ಕಕ್ಕಾಗಿ ಅಕೌಂಟ್ಸ್‌ನವರಿಗೆ ತಿಳಿಸಿ, ಏಕೆಂದರೆ ಪೆನ್ಷನ್ನೂ ಆದಾಯವೇ.

ಸಿಟಿಸಿಯನ್ನು, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚನ್ನು, ಕೈಗೆ ಬರುವ ದುಡ್ಡು ಎಂದುಕೊಳ್ಳಬೇಡಿ. ವರ್ಷಕ್ಕೆ 4,80,000 ಎಂದರೆ ತಿಂಗಳಿಗೆ 40,000 ಎಂದು ಕಾಣುತ್ತದೆ. ಬೇಸಿಕ್ 20,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 12 ಶೇಕಡಾದಂತೆ 2,400, ಗ್ರಾಚ್ಯುಟಿಗೆ 4.81 ಶೇಕಡಾದಂತೆ 962 ಅದರೊಳಗೇ ಸೇರಿರುತ್ತವೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 2,400, ವೃತ್ತಿ ತೆರಿಗೆ 200. ಉಳಿಯುವುದು 34,038. ಇನ್ಶೂರೆನ್ಸ್, ಬೋನಸ್ಸನ್ನೂ ಒಳಗೆ ತುರುಕಿದ್ದರೆ ಇನ್ನೂ ಕಡಿಮೆ. ಸೇನೆಯಲ್ಲಿ ಇಲ್ಲದ ಖರ್ಚು, ಅಂದರೆ ಬಾಡಿಗೆ, ಊಟ, ಓಡಾಟ, ಕೂಡಿಸಿ ನಿಮಗೆ ಎಷ್ಟು ಬೇಕೆಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು, ಕೈಗೆ ಬರುವ ಮೊತ್ತವನ್ನು ಹೆಸರಿಸಿ ಕೇಳಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಇದೆಯೆಂದು ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಬಿಟ್ಟುಕೊಡಬೇಡಿ.

"ಯಾವಾಗ ಸೇರ್ತೀರಿ?" ಡಿಸ್ಚಾರ್ಜ್ ದಿನಾಂಕದ ನಂತರದ ದಿನ ಹೇಳಿ. ಕೊನೆಯ ರಜೆಯಲ್ಲಿ ಮನೆಯಲ್ಲಿದ್ದರೂ ಅಲ್ಲಿಯವರೆಗೆ ನೀವು ಸೇವೆಯಲ್ಲೇ ಇರುತ್ತೀರಿ. ರಿಲೀವಿಂಗ್ ಲೆಟರ್ ಕೇಳಿದರೆ ಡಿಸ್ಚಾರ್ಜ್ ಬುಕ್ಕೇ ಅದು ಎಂದು ವಿವರಿಸಿ, ಪಿಪಿಓ (ಪೆನ್ಷನ್ ಪಾವತಿ ಆದೇಶ) ಪ್ರತಿಯನ್ನೂ ಇಟ್ಟುಕೊಳ್ಳಿ. ವಿದ್ಯಾರ್ಹತೆ ಕೇಳಿದಾಗ ಎಚ್ಚರ: ಎಸ್ಸೆಸ್ಸೆಲ್ಸಿ ಆಗಿ 15 ವರ್ಷ ಸೇವೆ ಮಾಡಿದವರಿಗೆ ಸಿಗುವ ಪದವಿ ಸಮಾನತೆ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯ ಫಾರಂನಲ್ಲಿ "ಬಿಎ" ಎಂದು ಬರೆದರೆ ವೆರಿಫಿಕೇಷನ್‌ನಲ್ಲಿ ಸುಳ್ಳು ಎಂದಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಯಾರಾದರೂ "ಗುಂಡು ಹಾರಿಸಿದ್ದೀರಾ, ಎಷ್ಟು ಜನ..." ಎಂದು ಕುತೂಹಲಕ್ಕೆ ಕೇಳಿದರೆ ಸಿಟ್ಟಾಗಬೇಡಿ, ಕಥೆಯನ್ನೂ ಹೇಳಬೇಡಿ. "ಅದನ್ನು ಹೇಳುವಂತಿಲ್ಲ ಸರ್, ಗಾಡಿಗಳ ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ" ಎಂದು ಮಾತನ್ನು ಹುದ್ದೆಯ ಕಡೆ ತನ್ನಿ.

ಇನ್ನು ಭಾಷೆಯ ವಿಷಯ. 24 ವರ್ಷ ಹಿಂದಿಯಲ್ಲೇ ಬದುಕಿ "ಜೀ ಸಾಬ್" ಬಾಯಿಗೆ ಅಂಟಿರುತ್ತದೆ, "ಸರ್" ಅಥವಾ "ಮೇಡಂ" ಸಾಕು. ಇಂಗ್ಲಿಷ್ ತಡವರಿಸಿದರೆ ಸಣ್ಣ ವಾಕ್ಯಗಳಲ್ಲಿ ಹೇಳಿ, ಅಥವಾ ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ. ಬೆಂಗಳೂರಿನ ಕ್ಯಾಬ್ ಚಾಲಕರಲ್ಲಿ ಮಂಡ್ಯ, ರಾಮನಗರ, ಕೋಲಾರ, ಕಲಬುರಗಿ ಕಡೆಯವರು ಎಷ್ಟೋ ಜನ. ಅವರೊಡನೆ ಕನ್ನಡದಲ್ಲಿ, ಉತ್ತರದ ಗಾರ್ಡ್‌ಗಳೊಡನೆ ಹಿಂದಿಯಲ್ಲಿ ಮಾತಾಡಬಲ್ಲಿರಿ ಎಂಬುದು ಈ ಹುದ್ದೆಗೆ ದೊಡ್ಡ ಅರ್ಹತೆ, ನೀವೇ ಮುಂದಾಗಿ ಹೇಳಿ.

ಕೊನೆಗೆ "ನಿಮಗೇನಾದರೂ ಕೇಳೋದಿದೆಯಾ?" ಎಂದಾಗ ಇಲ್ಲ ಎನ್ನದೆ ಮೂರು ಕೇಳಿ: ಒಂದು ಪಾಳಿಗೆ ಎಷ್ಟು ಗಾಡಿ, ಎಷ್ಟು ವೆಂಡರ್? ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ನನಗಿಂತ ಮೊದಲು ಈ ಜಾಗದಲ್ಲಿದ್ದವರು ಯಾಕೆ ಹೋದರು? ಮೂರನೆಯದಕ್ಕೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಪಾಳಿಯ ಅವಧಿ ಮತ್ತು ವಾರದ ರಜೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.