ಕಣ್ಣು ಅತ್ತಿತ್ತ ಆಡ್ಸಿದ್ರೆ ಹಳೇ ಆಘಾತ ವಾಸಿ ಆಗತ್ತಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಕೆಲವು ವರ್ಷದ ಹಿಂದೆ ನಮ್ ಕಾರು ಆಕ್ಸಿಡೆಂಟ್ ಆಯ್ತು. ಮೈಗಾದ ಗಾಯ ಯಾವತ್ತೋ ಮಾಯ್ತು, ಆದ್ರೆ ಇವತ್ತಿಗೂ ಯಾರಾದ್ರೂ ಜೋರಾಗಿ ಬ್ರೇಕ್ ಹಾಕಿದ ಸೌಂಡ್ ಕೇಳಿದ್ರೆ ಎದೆ ಹೊಡ್ಕೊಳತ್ತೆ, ಕೈ ತಣ್ಣಗಾಗತ್ತೆ, ರಾತ್ರಿ ಅದೇ ಕನಸು, ಡ್ರೈವಿಂಗ್ ಬಿಟ್ಟೇ ಬಿಟ್ಟಿದೀನಿ. ಈಗ ತೋರಿಸ್ತಿರೋ ಸೈಕಿಯಾಟ್ರಿಸ್ಟ್ ಇದು ಪಿಟಿಎಸ್‌ಡಿ, ಅಂದ್ರೆ ಆಘಾತ ಆದ್ಮೇಲೂ ಉಳ್ಕೊಳ್ಳೋ ಮಾನಸಿಕ ತೊಂದರೆ, ಇಎಂಡಿಆರ್ ಥೆರಪಿ ತಗೊಳ್ಳಿ ಅಂದ್ರು. ಥೆರಪಿಸ್ಟ್ ಬೆರಳು ಆಡಿಸ್ತಾರಂತೆ, ನಾವು ಕಣ್ಣಲ್ಲಿ ಫಾಲೋ ಮಾಡ್ಬೇಕಂತೆ. ಮನೇಲಿ ಎಲ್ರೂ ನಗ್ತಿದಾರೆ. ಇದು ಹಿಪ್ನಾಟಿಸಂ ಥರಾನಾ? ಆವತ್ತಿಂದೆಲ್ಲಾ ಮತ್ತೆ ಬಾಯ್ಬಿಟ್ಟು ಹೇಳ್ಬೇಕಾ? ಅದು ನನ್ ಕೈಲಾಗಲ್ಲ. ಯೂಟ್ಯೂಬಲ್ಲಿ ಚುಕ್ಕೆ ಓಡಾಡೋ ವಿಡಿಯೋ ಇವೆ, ನೋಡ್ಕೊಂಡು ನಾನೇ ಮಾಡ್ಕೋಬಹುದಾ?

ಉತ್ತರ: ನಗೋರು ನಗ್ಲಿ ಬಿಡಿ, ಶುರುನಲ್ಲಿ ನಮ್ ಫೀಲ್ಡಿನವರೇ ಇದನ್ನ ಅನುಮಾನದಿಂದ ನೋಡಿದ್ರು. ಅಮೆರಿಕದ ಫ್ರಾನ್ಸಿನ್ ಶಪೀರೊ ಅನ್ನೋರು 1987ರಲ್ಲಿ ಪಾರ್ಕಲ್ಲಿ ನಡೀತಾ ಇದ್ದಾಗ, ಕಣ್ಣು ಅತ್ತಿತ್ತ ಓಡಾಡ್ತಿದ್ರೆ ತಲೇಲಿ ಕಾಡ್ತಿದ್ದ ಯೋಚನೆಗಳ ಬಿಸಿ ಇಳೀತಿದೆ ಅಂತ ಗಮನಿಸಿದ್ರಂತೆ, ಅಲ್ಲಿಂದ ಶುರು. 1989ರಲ್ಲಿ ಮೊದಲ ಅಧ್ಯಯನ ಪ್ರಕಟ ಆಯ್ತು. ಪಾರ್ಕಿನ ಕತೆ ಕೇಳಿ ಯಾರೂ ಒಪ್ಪಲಿಲ್ಲ, ಒಪ್ಬೇಕಾಗೂ ಇರ್ಲಿಲ್ಲ. ಆಮೇಲೆ ಟ್ರಯಲ್‌ಗಳು ಆದ್ವು, 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಿಟಿಎಸ್‌ಡಿಗೆ ಇದನ್ನ ಶಿಫಾರಸು ಮಾಡ್ತು, ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಗೈಡ್‌ಲೈನ್‌ನಲ್ಲೂ ಇದು ಇದೆ. ಯುದ್ಧಕ್ಕೆ ಸಂಬಂಧಪಡದ ಆಘಾತ ಆಗಿ ಮೂರು ತಿಂಗಳು ದಾಟಿರೋ ದೊಡ್ಡವ್ರಿಗೆ ಇದನ್ನ ಕೊಡಿ, ಸಾಮಾನ್ಯವಾಗಿ 8ರಿಂದ 12 ಸೆಷನ್ ಅಂತ ಅದ್ರಲ್ಲಿದೆ. ಅಂದ್ರೆ ನಿಮ್ಮಂಥ ಕೇಸಿಗೇ ಹೇಳಿರೋದು.

ಹಿಪ್ನಾಟಿಸಂ ಖಂಡಿತ ಅಲ್ಲ. ನೀವು ಪೂರ್ತಿ ಎಚ್ಚರವಾಗಿರ್ತೀರಿ, ಸಾಕು ಅನ್ಸಿದಾಗ ಕೈ ಎತ್ತಿದ್ರೆ ಅಲ್ಲಿಗೇ ನಿಲ್ಲಿಸ್ತಾರೆ, ಆ ಸಿಗ್ನಲ್ ಯಾವುದು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ.

ಎಲ್ರೂ ಬೆರಳಾಡ್ಸೋದನ್ನೇ ಇಎಂಡಿಆರ್ ಅನ್ಕೊಳ್ತಾರೆ, ಆದ್ರೆ ಇದ್ರಲ್ಲಿ ಎಂಟು ಹಂತ ಇದೆ, ಬೆರಳು ಬರೋದೇ ನಾಲ್ಕನೇ ಹಂತದಲ್ಲಿ. ಮೊದಲು ನಿಮ್ ಹಿನ್ನೆಲೆ ಕೇಳ್ತಾರೆ, ಆಮೇಲೆ ತಯಾರಿ, ಅಂದ್ರೆ ಗಾಬರಿ ಜಾಸ್ತಿಯಾದ್ರೆ ನಿಮ್ಮನ್ನ ನೀವೇ ಸಮಾಧಾನಕ್ಕೆ ತಂದ್ಕೊಳ್ಳೋದು ಹೇಗೆ ಅಂತ ಕಲಿಸ್ತಾರೆ. ಮೂರನೇದ್ರಲ್ಲಿ ಆ ಘಟನೆಯ ಅತಿ ಕೆಟ್ಟ ಒಂದೇ ಒಂದು ಚಿತ್ರ ಆರಿಸ್ಕೊಳ್ಳೋಕೆ ಹೇಳ್ತಾರೆ. ಅದನ್ನ ನೆನೆದಾಗ ನಿಮ್ ಬಗ್ಗೆ ಏನನ್ಸತ್ತೆ? 'ನಾನು ಸೇಫಾಗಿಲ್ಲ' ಅನ್ನೋದಿರಬಹುದು. ಅದರ ಜಾಗದಲ್ಲಿ ಏನಿದ್ರೆ ಚೆನ್ನ? 'ಅದು ಮುಗೀತು, ಈಗ ಸೇಫಾಗಿದೀನಿ.' ಈ ಎರಡನೇ ಮಾತು ಎಷ್ಟು ನಿಜ ಅನ್ಸತ್ತೆ ಅಂತ 1ರಿಂದ 7ರೊಳಗೆ ಒಂದು ನಂಬರ್ ಕೊಡ್ಬೇಕು. ಈಗ ಎಷ್ಟು ಸಂಕಟ ಆಗ್ತಿದೆ ಅನ್ನೋದಕ್ಕೆ 0ಯಿಂದ 10ರೊಳಗೆ ಇನ್ನೊಂದು ನಂಬರ್, ಮೈಯಲ್ಲಿ ಎಲ್ಲಿ ಹಿಡ್ಕೊಂಡಂಗಿದೆ ಅಂತಲೂ ಕೇಳ್ತಾರೆ.

ಆಮೇಲೇ ಬೆರಳು. ಆ ಚಿತ್ರ ಮನಸ್ಸಲ್ಲಿಟ್ಕೊಂಡು ನೀವು ತಲೆ ಅಲ್ಲಾಡಿಸ್ದೆ ಬರೀ ಕಣ್ಣಲ್ಲಿ ಬೆರಳನ್ನ ಹಿಂಬಾಲಿಸ್ತೀರಿ, ಸುಮಾರು ಅರ್ಧ ನಿಮಿಷ. ನಿಲ್ಲಿಸ್ತಾರೆ. 'ಉಸಿರು ತಗೊಳ್ಳಿ, ಬಿಡಿ. ಈಗ ಏನು ಬಂತು?' ನೀವು ಒಂದ್ಮಾತು ಹೇಳ್ತೀರಿ, 'ಗಾಜು' ಅಂತಲೋ 'ಎದೆ ಬಿಗಿ' ಅಂತಲೋ. 'ಸರಿ, ಅದ್ರ ಜೊತೇನೇ ಇರಿ' ಅಂತ ಮತ್ತೆ ಶುರು ಮಾಡ್ತಾರೆ. ನಿಮ್ಮ ಎರಡನೇ ಭಯಕ್ಕೆ ಉತ್ತರ ಇದ್ರಲ್ಲೇ ಇದೆ, ಇಷ್ಟೇ ಹೇಳಿದ್ರೆ ಸಾಕು, ಆವತ್ತಿನ ಇಡೀ ಕತೆ ಬಿಡಿಸಿ ಹೇಳೋ ಅಗತ್ಯ ಇಲ್ಲ. ಬಾಯ್ಬಿಡೋಕೆ ಆಗದೇ ಇರೋರಿಗೆ ನಾನು ಇದನ್ನ ಹೇಳೋಕೆ ಮುಖ್ಯ ಕಾರಣವೇ ಅದು.

ಆದ್ರೆ ಮನಸ್ಸು ನೇರ ದಾರೀಲಿ ಹೋಗಲ್ಲ. ಬ್ರೇಕ್ ಸೌಂಡಿಂದ ಶುರು ಮಾಡಿದೋರು ಮೂರ್ನಾಲ್ಕು ಸುತ್ತು ಆಗೋ ಹೊತ್ತಿಗೆ 'ಪಕ್ಕದಲ್ಲಿ ಕೂತಿದ್ದ ತಮ್ಮನ್ನ ಆ ಕ್ಷಣ ನಾನು ತಿರುಗಿ ನೋಡ್ಲೇ ಇಲ್ಲ' ಅಂತ ಬಿಕ್ಕಿ ಬಿಕ್ಕಿ ಅತ್ತುಬಿಡಬಹುದು. ವರ್ಷಗಟ್ಲೆ ಭಯ ಅನ್ಕೊಂಡಿದ್ದು ಒಳಗೆ ತಪ್ಪಿತಸ್ಥ ಭಾವನೆ ಆಗಿರತ್ತೆ. ಇದಕ್ಕೇ ನಾನು ವಿಡಿಯೋ ಬೇಡ ಅನ್ನೋದು. ಚುಕ್ಕೆ ಓಡ್ತಾನೇ ಇರತ್ತೆ, ನೀವು ಅಳ್ತಿದೀರಾ, ಉಸಿರು ಕಟ್ತಿದೆಯಾ, ಎಲ್ಲೋ ಶೂನ್ಯಕ್ಕೆ ಹೋಗ್ಬಿಟ್ರಾ ಅಂತ ಅದಕ್ಕೆ ಗೊತ್ತಾಗಲ್ಲ. ನೆನಪನ್ನ ತೆರೆಯೋದು ಸುಲಭ, ಆವತ್ತಿನ ಮಟ್ಟಿಗೆ ಮುಚ್ಚಿ ಮನೆಗೆ ಕಳ್ಸೋದಕ್ಕೆ ಟ್ರೇನಿಂಗ್ ಬೇಕು.

ಕಣ್ಣು ಆಡ್ಸೋದ್ರಿಂದ ಹೇಗೆ ಕೆಲಸ ಆಗತ್ತೆ ಅನ್ನೋದ್ರ ಬಗ್ಗೆ ಇನ್ನೂ ಜಗಳ ಇದೆ. ತಕ್ಕಮಟ್ಟಿಗೆ ಪುರಾವೆ ಇರೋ ವಿವರಣೆ ಅಂದ್ರೆ ವರ್ಕಿಂಗ್ ಮೆಮೊರಿದು, ಅಂದ್ರೆ ಆ ಕ್ಷಣಕ್ಕೆ ಮನಸ್ಸಲ್ಲಿ ಹಿಡ್ಕೊಳ್ಳೋ ನೆನಪಿನ ಜಾಗ. ಮನಸ್ಸಲ್ಲೇ ಲೆಕ್ಕ ಮಾಡ್ತಿರುವಾಗ ಯಾರೋ ಮಾತಾಡಿಸಿದ್ರೆ ಲೆಕ್ಕ ಜಾರತ್ತಲ್ಲ, ಹಾಗೇ ನೆನಪು ಹಿಡ್ಕೊಂಡಿರುವಾಗ ಕಣ್ಣಿಗೂ ಕೆಲಸ ಕೊಟ್ರೆ ಎರಡಕ್ಕೂ ಜಾಗ ಸಾಲ್ದೆ ಆ ಚಿತ್ರ ಮಸುಕಾಗತ್ತೆ, ಮಸುಕಾದ ರೂಪದಲ್ಲೇ ವಾಪಸ್ ಸೇವ್ ಆಗತ್ತೆ. ಕಣ್ಣಿನ ಚಲನೆಯಿಂದ ವಿಶೇಷ ಏನೂ ಇಲ್ಲ, ಕಷ್ಟದ ನೆನಪನ್ನ ಸುರಕ್ಷಿತ ಜಾಗದಲ್ಲಿ ಎದುರಿಸೋದೇ ಔಷಧಿ ಅನ್ನೋ ಸಂಶೋಧಕರೂ ಇದಾರೆ. ನಂಗೂ ಬೆರಳಿನ ಪಾಲು ಜನ ಅಂದ್ಕೊಂಡಷ್ಟು ದೊಡ್ಡದಲ್ಲ ಅಂತಲೇ ಅನ್ಸೋದು. ಟ್ರಾಮಾ ಮೇಲೆ ಫೋಕಸ್ ಮಾಡೋ ಸಿಬಿಟಿ, ಅಂದ್ರೆ ಯೋಚನೆ ಮತ್ತು ನಡವಳಿಕೆ ಬದಲಾಯಿಸೋ ಮಾತಿನ ಥೆರಪಿ ಕೂಡ ಪಿಟಿಎಸ್‌ಡಿಗೆ ಶಿಫಾರಸಾಗಿರೋ ಚಿಕಿತ್ಸೆನೇ, ಇಎಂಡಿಆರ್ ಸಿಗ್ಲಿಲ್ಲ ಅಂತ ಕೈಚೆಲ್ಲಿ ಕೂರ್ಬೇಡಿ.

ನೆನಪು ಅಳಿಸಿ ಹೋಗಲ್ಲ. ಆಕ್ಸಿಡೆಂಟ್ ಆಗಿದ್ದು ನೆನಪಿರತ್ತೆ, ಅದು ಈಗ್ಲೇ ಆಗ್ತಿದೆ ಅನ್ನೋ ಹಾಗೆ ಮೈ ಹಾರೋದು ಕಮ್ಮಿಯಾಗತ್ತೆ. ಒಂದು ಸೆಷನ್ 60ರಿಂದ 90 ನಿಮಿಷ ಹಿಡಿಯತ್ತೆ. ಆದ್ಮೇಲೆ ಒಂದೆರಡು ದಿನ ಕನಸು ಜಾಸ್ತಿ ಬರಬಹುದು, ಸುಮ್ಸುಮ್ನೆ ಅಳು ಬರಬಹುದು, ಅವತ್ತೇ ಇಂಟರ್‌ವ್ಯೂ ಪರೀಕ್ಷೆ ಇಟ್ಕೋಬೇಡಿ.

ಮನೇಲಿ ಏನಾದ್ರೂ ಮಾಡ್ಲೇಬೇಕು ಅನ್ಸಿದ್ರೆ ಕೈಗಳನ್ನ ಎದೆ ಮೇಲೆ ಅಡ್ಡಡ್ಡ ಇಟ್ಕೊಂಡು ಒಂದಾದ್ಮೇಲೊಂದು ಮೆತ್ತಗೆ ತಟ್ಟೋ ಬಟರ್‌ಫ್ಲೈ ಹಗ್ ಅನ್ನೋದಿದೆ, ಮೆಕ್ಸಿಕೋದಲ್ಲಿ 1997ರ ಪಾಲಿನ್ ಚಂಡಮಾರುತದಲ್ಲಿ ಬದುಕುಳಿದವರ ಜೊತೆ ಕೆಲಸ ಮಾಡುವಾಗ ಹುಟ್ಟಿದ್ದು. ಶಾಂತವಾಗಿರೋ ಯಾವುದಾದ್ರೂ ಜಾಗ ನೆನೆಸ್ಕೊಂಡು ಮಾಡಿ, ಆಕ್ಸಿಡೆಂಟನ್ನಲ್ಲ.

ಪ್ರಶ್ನೆ: ನಂದು ಒಂದು ಘಟನೆ ಅಲ್ಲ, ಚಿಕ್ಕಂದಿನಿಂದ ಮನೇಲಿ ಹೊಡೆತ, ಬೈಗುಳ. ಒಂದೊಂದ್ಸಲ ಗಂಟೆಗಟ್ಲೆ ಏನಾಯ್ತು ಅಂತಲೇ ಗೊತ್ತಾಗಲ್ಲ. ನಂಗೂ ಇದು ಆಗತ್ತಾ? ಮಾತ್ರೆ ಬಿಡಬಹುದಾ?

ಉತ್ತರ: ಆಗಬಹುದು, ಆದ್ರೆ ನಿಧಾನ. ಗಂಟೆಗಟ್ಲೆ ಗೊತ್ತಾಗಲ್ಲ ಅಂದ್ರಲ್ಲ, ಮೊದಲನೇ ಭೇಟಿಯಲ್ಲೇ ಅದನ್ನ ಹೇಳಿ. ಅದು ಡಿಸೋಸಿಯೇಷನ್, ಅಂದ್ರೆ ಮನಸ್ಸು ಸುತ್ತಲಿಂದ, ನೆನಪಿಂದ ಕಳಚ್ಕೊಳ್ಳೋದು ಇರಬಹುದು, ಹಾಗಿದ್ರೆ ತಯಾರಿ ಹಂತಕ್ಕೇ ತಿಂಗಳುಗಳು ಬೇಕಾಗಬಹುದು, ಸೆಷನ್ನೂ ಹನ್ನೆರಡಕ್ಕೆ ಮುಗಿಯಲ್ಲ. ಸಾಯ್ಬೇಕು ಅನ್ನೋ ಯೋಚನೆ ಬರ್ತಿದ್ರೆ ಮೊದಲು ಅದಕ್ಕೆ ಚಿಕಿತ್ಸೆ, ಇಂದೇ ಡಾಕ್ಟರ ಹತ್ರ ಹೋಗಿ. ಫಿಟ್ಸ್ ಅಥವಾ ಕಣ್ಣಿನ ತೊಂದರೆ ಇದ್ರೂ ತಿಳಿಸಿ, ಕಣ್ಣಿನ ಬದ್ಲು ಕೈ ಮೇಲೆ ತಟ್ಟೋದು, ಕಿವಿಗೆ ಎಡ-ಬಲ ಸೌಂಡ್ ಕೊಡೋದು ಅಂತ ಬೇರೆ ದಾರಿ ಇವೆ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಥೆರಪಿ ಜೊತೇಲೇ ತಗೋಬಹುದು, ಕಮ್ಮಿ ಮಾಡೋದು ಬರೆದುಕೊಟ್ಟ ಡಾಕ್ಟರ ಕೆಲಸ. ಥೆರಪಿಸ್ಟ್ ಹತ್ರ ಇಎಂಡಿಆರ್ ಟ್ರೇನಿಂಗ್ ಎಲ್ಲಿ ಆಯ್ತು, ಡಿಸೋಸಿಯೇಷನ್ ಇರೋರ ಜೊತೆ ಕೆಲಸ ಮಾಡಿದೀರಾ ಅಂತ ಸಂಕೋಚ ಇಲ್ದೆ ಕೇಳಿ. ನಿಮ್ಮ ಹಿನ್ನೆಲೆ ಒಂದೂ ಕೇಳ್ದೆ ಮೊದಲ ದಿನಾನೇ ಬೆರಳು ಎತ್ತೋರು, ಒಂದೇ ಸಿಟ್ಟಿಂಗಲ್ಲಿ ಎಲ್ಲಾ ಕ್ಲಿಯರ್ ಮಾಡ್ತೀನಿ ಅನ್ನೋರು ಸಿಕ್ರೆ ಎದ್ದು ಬನ್ನಿ.