ವೀಲ್‌ಚೇರ್ ಹಿಡಿದರೆ ಸಾಲು ತಪ್ಪುತ್ತದೆಯೇ? ಡಿಸ್ನಿಗೆ ಹೊರಟ ಮಂಡಿಗಳ ಪ್ರಶ್ನೆ

ಏಪ್ರಿಲ್ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ಹತ್ತು ವೇಷದಲ್ಲಿ ಬರುತ್ತದೆ. ಮಕ್ಕಳು ಅಮೆರಿಕದಲ್ಲಿದ್ದಾರೆ, ಅಪ್ಪ-ಅಮ್ಮ ಅಲ್ಲಿಗೆ ಹೊರಟಿದ್ದಾರೆ, ನೋಡಬೇಕಾದ ಪಟ್ಟಿಯಲ್ಲಿ ನಯಾಗರ ಆದ ಮೇಲೆ ಒರ್ಲಾಂಡೋದ ಡಿಸ್ನಿ ವರ್ಲ್ಡ್ ಇದೆ. ಮಂಡಿ ಮಾತ್ರ ಒಲ್ಲೆ ಎನ್ನುತ್ತಿದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟು, ಉಳಿದವನ್ನು ಬೇಗ ಮುಗಿಸುತ್ತೇನೆ. ಟಿಕೆಟ್ ಎಲ್ಲಿ ಕೊಳ್ಳಬೇಕು, ಯಾವ ಹೋಟೆಲ್ ಒಳ್ಳೆಯದು ಎಂದು ಫಿಸಿಯೋಥೆರಪಿ ಅಂಕಣಕ್ಕೆ ಬರೆದು ಕೇಳಬೇಡಿ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಎರಡೂ ಮಂಡಿ ಸವೆದಿವೆ. ಹತ್ತು ನಿಮಿಷ ನಡೆಯುತ್ತಾರೆ. ಆದರೆ ಐದು ನಿಮಿಷ ನಿಂತರೆ ಸಾಕು, ಕೂರಲು ಜಾಗ ಹುಡುಕುತ್ತಾರೆ. ಜುಲೈನಲ್ಲಿ ಮೂರು ದಿನ ಡಿಸ್ನಿ ವರ್ಲ್ಡ್‌ಗೆ ಹೋಗುತ್ತಿದ್ದೇವೆ. ಏರ್‌ಪೋರ್ಟಿನಲ್ಲಿ ಮಾಡಿದಂತೆ ವೀಲ್‌ಚೇರ್ ತೆಗೆದುಕೊಂಡರೆ ಸಾಲು ತಪ್ಪುತ್ತದಲ್ಲವೇ? ‘ಡಿಎಎಸ್’ ಪಾಸ್ ಮಾಡಿಸಿ ಎಂದು ಸ್ನೇಹಿತರು ಹೇಳುತ್ತಾರೆ. ಅವರು ಒಂದು ಗಂಟೆ ನಿಂತ ಮೇಲೆ ರೈಡ್ ಬಂದ್ ಆಯಿತಂತೆ. ನಮಗೂ ಹಾಗಾದರೆ ಏನು ಮಾಡುವುದು? (ಡಲ್ಲಾಸ್‌ನ ಓದುಗರು)

ಉತ್ತರ: ತಪ್ಪುವುದಿಲ್ಲ. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಹಿಡಿದವರಿಗೆ ಇಮಿಗ್ರೇಷನ್‌ನಲ್ಲಿ ಪಕ್ಕದ ಕೌಂಟರ್ ಸಿಗುತ್ತದೆ, ಅಲ್ಲಿಂದ ಹುಟ್ಟಿದ ನಂಬಿಕೆ ಇದು. ಡಿಸ್ನಿಯಲ್ಲಿ ವೀಲ್‌ಚೇರ್ ಎಂದರೆ ಕೂರುವುದಕ್ಕೊಂದು ಕುರ್ಚಿ, ಅಷ್ಟೇ. ಬಹುತೇಕ ರೈಡುಗಳ ಸಾಲನ್ನು ಗಾಲಿ ಉರುಳುವಷ್ಟು ಅಗಲವಾಗಿಯೇ ಕಟ್ಟಿದ್ದಾರೆ. ಕುರ್ಚಿಯಲ್ಲಿ ಕೂತವರೂ ಎಲ್ಲರ ಜತೆ ಅದೇ ಸಾಲಿನಲ್ಲಿ ಅಷ್ಟೇ ಹೊತ್ತು ಕಾಯಬೇಕು. ಕ್ಯಾಲಿಫೋರ್ನಿಯಾದ ಹಳೆಯ ಡಿಸ್ನಿಲ್ಯಾಂಡ್‌ನ ಕಥೆ ಸ್ವಲ್ಪ ಬೇರೆ. ಅಲ್ಲಿನ ಕೆಲವು ಹಳೆಯ ಸಾಲುಗಳಿಗೆ ಗಾಲಿ ನುಗ್ಗುವುದಿಲ್ಲ, ಅಂಥ ಕಡೆ ಬಾಗಿಲಲ್ಲಿರುವ ಸಿಬ್ಬಂದಿ ‘ಇಷ್ಟು ಗಂಟೆಗೆ ಬನ್ನಿ’ ಎಂದು ಸಮಯ ಬರೆದುಕೊಡುತ್ತಾರೆ. ಆ ಸಮಯವೂ ಸಾಲಿನಲ್ಲಿ ನಿಂತವರು ಕಾಯುವಷ್ಟೇ ಇರುತ್ತದೆ.

ಇನ್ನು ಡಿಎಎಸ್, ಅಂದರೆ ಡಿಸೆಬಿಲಿಟಿ ಆ್ಯಕ್ಸೆಸ್ ಸರ್ವಿಸ್: ಸಾಲಿನಲ್ಲಿ ನಿಲ್ಲದೆ ಹೊರಗೆ ಕಾದು, ಕೊಟ್ಟ ಹೊತ್ತಿಗೆ ಬಂದು ರೈಡ್ ಹತ್ತುವ ಪಾಸ್. ಹಣವಂತರು ಅಂಗವಿಕಲರನ್ನು ಬಾಡಿಗೆಗೆ ಕರೆದುಕೊಂಡು ಹೋಗಿ ಸಾಲು ಹಾರುತ್ತಿದ್ದಾರೆ ಎಂಬ ಸುದ್ದಿ 2013ರಲ್ಲಿ ಗದ್ದಲ ಎಬ್ಬಿಸಿತ್ತು. ಹಳೆಯ ಪಾಸ್ ತೆಗೆದು ಡಿಎಎಸ್ ತಂದದ್ದು ಅದೇ ವರ್ಷ. 2024ರ ಮೇ ತಿಂಗಳಿಂದ ಅದನ್ನೂ ಬಿಗಿ ಮಾಡಿದ್ದಾರೆ. ಆಟಿಸಂ ಅಥವಾ ಅಂಥದೇ ಬೆಳವಣಿಗೆಯ ತೊಂದರೆಯಿಂದ ಸಾಮಾನ್ಯ ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಲಾಗದವರಿಗೆ ಅದು ಮೀಸಲು. ವೀಡಿಯೊ ಕರೆಯಲ್ಲಿ ಮಾತಾಡಿಸಿಯೇ ಕೊಡುತ್ತಾರೆ, ಪಾಸ್ ಯಾರ ಹೆಸರಿನಲ್ಲಿದೆಯೋ ಅವರು ಕರೆಯಲ್ಲೂ ಇರಬೇಕು, ರೈಡಿನಲ್ಲೂ ಕೂರಬೇಕು. ಮಂಡಿ ಸವೆತ ಅದರ ಲೆಕ್ಕಕ್ಕೆ ಬರುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಶಾಶ್ವತವಾಗಿ ಒಳಗೆ ಬಿಡುವುದಿಲ್ಲ ಎಂದು ನಿಯಮದಲ್ಲೇ ಇದೆ. ಕಾಯದೆ ಕಳಿಸುವುದು ಕಾನೂನಿನ ಹಕ್ಕು ಎಂದು ಆಟಿಸಂ ಇದ್ದ ಯುವಕನ ಕಡೆಯವರು ಕೋರ್ಟಿಗೆ ಹೋದಾಗ, 2020ರಲ್ಲಿ ಒರ್ಲಾಂಡೋದ ಫೆಡರಲ್ ನ್ಯಾಯಾಲಯವೂ ಒಪ್ಪಲಿಲ್ಲ. ಆದ್ದರಿಂದ ‘ಒಂದು ಸರ್ಟಿಫಿಕೇಟ್ ಬರೆದುಕೊಡಿ’ ಎಂದು ನನಗೆ ಬರೆಯುವವರು ಆ ಅಂಚೆಯ ಖರ್ಚು ಉಳಿಸಿಕೊಳ್ಳಿ.

ಹಾಗಾದರೆ ನಿಮಗಿರುವ ದಾರಿ ಯಾವುದು? ನಿಮ್ಮ ಪತ್ರದಲ್ಲೇ ಉತ್ತರವಿದೆ: ಅಮ್ಮನಿಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಅಂದರೆ ಸಾಲಿನಲ್ಲಿ ಅವರು ಕೂತಿರಬೇಕು. ಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ, ಸಾಲು ಹಾರುವುದಕ್ಕಲ್ಲ, ಕೂರುವುದಕ್ಕೆ. ಪಾರ್ಕಿನ ಬಾಗಿಲಲ್ಲೇ ಸಿಗುತ್ತದೆ, ಆದರೆ ಮೊದಲು ಬಂದವರಿಗೆ ಮೊದಲು. ಡಿಸ್ನಿ ವರ್ಲ್ಡ್‌ನೊಳಗೆ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಅನಿಮಲ್ ಕಿಂಗ್‌ಡಮ್ ಎಂದು ಬೇರೆ ಬೇರೆ ಪಾರ್ಕುಗಳಿವೆ, ಒಂದು ಪಾರ್ಕಿನದನ್ನು ಇನ್ನೊಂದಕ್ಕೆ ಒಯ್ಯುವಂತಿಲ್ಲ. ಹಿಂದಿರುಗಿಸಿ, ರಸೀದಿ ಇಟ್ಟುಕೊಂಡು ಅದೇ ದಿನ ಇನ್ನೊಂದು ಪಾರ್ಕಿನಲ್ಲಿ ತೋರಿಸಬೇಕು. ಮೂರು ದಿನಕ್ಕಾದರೆ ಹೊರಗಿನ ಬಾಡಿಗೆ ಅಂಗಡಿಯವರಿಂದ ಹೋಟೆಲಿಗೇ ತರಿಸಿಕೊಳ್ಳುವುದು ಮೇಲು, ಏಕೆಂದರೆ ಕಾರು ನಿಲ್ಲಿಸಿದ ಜಾಗದಿಂದ ಪಾರ್ಕಿನ ಬಾಗಿಲಿಗೇ ಅಮ್ಮ ಸುಸ್ತಾಗಿರುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ಗಂತೂ ಕಾರು ನಿಲ್ಲಿಸಿ, ಆಮೇಲೆ ಮೊನೊರೈಲ್ ಅಥವಾ ದೋಣಿ ಹಿಡಿದು ಕೆರೆಯ ಆಚೆ ಹೋಗಬೇಕು. ಮೊನೊರೈಲಿಗೆ ಇಳಿಜಾರು ಹತ್ತಬೇಕು, ಕುರ್ಚಿ ತಳ್ಳುವವರಿಗೆ ದೋಣಿಯೇ ಸಲೀಸು.

ಬ್ಯಾಟರಿ ಸ್ಕೂಟರ್ ಬೇಡವೇ ಎಂದು ಕೇಳುತ್ತೀರಿ. ಜೀವಮಾನದಲ್ಲಿ ಯಾವ ಗಾಡಿಯನ್ನೂ ಓಡಿಸದವರಿಗೆ ಡಿಸ್ನಿಯ ಜನಜಂಗುಳಿಯಲ್ಲಿ ಮೊದಲ ಪಾಠ ಬೇಡ, ಪಕ್ಕದವರ ಹಿಮ್ಮಡಿಗೆ ಪೆಟ್ಟು. ಸ್ಕೂಟಿ ಓಡಿಸಿ ಅಭ್ಯಾಸವಿದ್ದವರಾದರೆ ಹೋಟೆಲಿನ ಪಾರ್ಕಿಂಗ್‌ನಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ, ಹಿಂದಕ್ಕೆ ತೆಗೆಯುವುದನ್ನು ಕಲಿತು, ಸಾಲಿನೊಳಗೆ ವೇಗದ ಗುಂಡಿಯನ್ನು ಆಮೆಯ ಚಿತ್ರದ ಕಡೆಗೆ ಪೂರ್ತಿ ತಿರುಗಿಸಿಟ್ಟುಕೊಳ್ಳಲಿ. ಇಳಿಯುವಾಗ ಕೀಲಿ ತೆಗೆಯಲಿ, ರಾತ್ರಿ ಮರೆಯದೆ ಚಾರ್ಜಿಗೆ ಹಾಕಲಿ. ಇಷ್ಟಾದರೂ ಹಲವು ರೈಡುಗಳ ಬಾಗಿಲಲ್ಲಿ ಸ್ಕೂಟರ್ ಬಿಟ್ಟು ಕೈಯಿಂದ ತಳ್ಳುವ ಕುರ್ಚಿಗೆ ಬದಲಾಗಬೇಕು.

ಕುರ್ಚಿ ತಳ್ಳುವವರಿಗೆ ಎರಡು ಮಾತು. ಇಳಿಜಾರಿನಲ್ಲಿ ಇಳಿಯುವಾಗ ನೀವು ಕೆಳಗಿನ ಕಡೆ ಇದ್ದು ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯಲ್ಲಿ ಕುದುರೆ ಟ್ರಾಮಿನ ಹಳಿ ಇದೆ. ಓರೆಯಾಗಿ ದಾಟಿದರೆ ಮುಂದಿನ ಪುಟ್ಟ ಗಾಲಿ ಹಳಿಯ ಸಂದಿಗೆ ಸಿಕ್ಕಿ ಅಮ್ಮ ಮುಂದಕ್ಕೆ ಮುಗ್ಗರಿಸುತ್ತಾರೆ, ನೇರ ಅಡ್ಡಲಾಗಿ ದಾಟಿ. ಎಪ್ಕಾಟ್‌ನಲ್ಲಿ ದೇಶಗಳ ಮಂಟಪಗಳಿರುವ ಕೊಳದ ಸುತ್ತು ಹೆಚ್ಚು ಕಡಿಮೆ ಎರಡು ಕಿ.ಮೀ. ಇದೆ. ಜುಲೈ ಬಿಸಿಲಲ್ಲಿ ಅದನ್ನು ತಳ್ಳುವುದು ಯಾರು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ.

ಕೂರುವ ಹಲಗೆಯಿರುವ ನಾಲ್ಕು ಗಾಲಿಯ ವಾಕರ್ ಇನ್ನೊಂದು ದಾರಿ. ಬೆನ್ನುಹುರಿಯ ನಾಳ ಕಿರಿದಾಗಿ ಕಾಲು ಜೋಮು ಹಿಡಿಯುವವರಿಗೆ ಇದೇ ಹೆಚ್ಚು ಹೊಂದುತ್ತದೆ, ಮುಂದೆ ಬಾಗಿ ಹಿಡಿದು ನಡೆದರೆ ಅವರ ನೋವು ಇಳಿಯುತ್ತದೆ. ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಲಿ, ಕೂರುವ ಮೊದಲು ಎರಡೂ ಬ್ರೇಕ್ ಲಾಕ್ ಆಗಲಿ. ಅದರ ಮೇಲೆ ಕೂರಿಸಿ ತಳ್ಳಬೇಡಿ, ಅದು ಕುರ್ಚಿಯಲ್ಲ. ಮಡಚುವ ಕುರ್ಚಿಗಳನ್ನಂತೂ ಒಳಗೆ ಬಿಡುವುದಿಲ್ಲ.

ಸಾಲಿನ ಹೊತ್ತನ್ನೇ ಕಡಿಮೆ ಮಾಡಬೇಕೆಂದರೆ ದುಡ್ಡು ಕೊಟ್ಟು ಲೈಟ್ನಿಂಗ್ ಲೇನ್ ಎಂಬ ಬೇಗ ಸಾಗುವ ಸಾಲಿನ ಪಾಸ್ ತೆಗೆದುಕೊಳ್ಳಬೇಕು. ಡಿಸ್ನಿಯ ಸ್ವಂತ ಹೋಟೆಲಿನಲ್ಲಿ ತಂಗುವವರು 7 ದಿನ ಮುಂಚೆ, ಮಿಕ್ಕವರು 3 ದಿನ ಮುಂಚೆ ಕಾದಿರಿಸಬಹುದು. ದುಡ್ಡಿಲ್ಲದೆ ಆಗುವ ಕೆಲಸವೂ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ರೈಡಿನ ಬಾಗಿಲಲ್ಲಿರುವ ಸಿಬ್ಬಂದಿಯ ಹತ್ತಿರ ಹೋಗಿ, ‘ನಮ್ಮ ತಾಯಿಗೆ ಇಷ್ಟು ಹೊತ್ತು ಒಳಗೆ ಕಾಯಲಾಗದು, ನಾವು ಸಾಲಿನಲ್ಲಿರುತ್ತೇವೆ, ಹತ್ತುವ ಮುಂಚೆ ಅವರು ಬಂದು ಸೇರಿಕೊಳ್ಳಬಹುದೇ’ ಎಂದು ಕೇಳಿ. ಜತೆಗೆ ಇನ್ನೊಬ್ಬರಾದರೂ ಇದ್ದರೆ ಇಂಥ ಮರುಪ್ರವೇಶಕ್ಕೆ ಅವಕಾಶವಿದೆ. ಎಲ್ಲ ಕಡೆ ಒಂದೇ ಪದ್ಧತಿಯಲ್ಲ, ಬಾಗಿಲಲ್ಲಿರುವವರ ಮಾತೇ ಕೊನೆ. ‘ಮಂಡಿನೋವು’ ಎಂದಷ್ಟೇ ಹೇಳದೆ, ಎಷ್ಟು ನಿಮಿಷ ನಿಲ್ಲಬಲ್ಲರು, ಎಷ್ಟು ಮೆಟ್ಟಿಲು ಇಳಿಯಬಲ್ಲರು ಎಂದು ಹೇಳಿ. ಕಾಯಿಲೆಯ ಹೆಸರು ಅವರಿಗೆ ಬೇಕಿಲ್ಲ.

ಈಗ ರೈಡ್ ಬಂದ್ ಆಗುವ ವಿಷಯ. ರಿಪೇರಿಗೆಂದು ತಿಂಗಳುಗಟ್ಟಲೆ ಮುಚ್ಚುವುದು ಮೊದಲೇ ಪ್ರಕಟವಾಗಿರುತ್ತದೆ, ಅದನ್ನು ನೋಡದೆ ಹೋಗಿ ಪೆಚ್ಚಾದರೆ ತಪ್ಪು ನಿಮ್ಮದು. ಕೆಲವು ಶಾಶ್ವತವಾಗಿಯೇ ಹೋಗಿವೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ವಯಸ್ಸಾದವರು ಆರಾಮಾಗಿ ಕೂತು ಸುತ್ತು ಹಾಕುತ್ತಿದ್ದ ಲಿಬರ್ಟಿ ಬೆಲ್ ಹಬೆದೋಣಿಯನ್ನು 2025ರ ಜುಲೈನಲ್ಲಿ ನದಿಯ ಸಮೇತ ಮುಚ್ಚಿದರು. ಹಳೆಯ ಬ್ಲಾಗ್ ಓದಿಕೊಂಡು ಅದನ್ನು ಹುಡುಕಬೇಡಿ.

ನಿಮ್ಮ ಸ್ನೇಹಿತರಿಗೆ ಆದದ್ದು ಹವಾಮಾನದ ಅಥವಾ ಯಂತ್ರದ ನಿಲುಗಡೆ. ಫ್ಲೋರಿಡಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ನಮ್ಮ ಮೇ ತಿಂಗಳ ಮಳೆಯಷ್ಟೇ ಸಹಜ. ಮಿಂಚು ಹತ್ತಿರ ಬಂತೆಂದರೆ ಹೊರಾಂಗಣದ ರೈಡುಗಳೆಲ್ಲ ನಿಲ್ಲುತ್ತವೆ. ಲೈಟ್ನಿಂಗ್ ಲೇನ್ ಎಂಬ ಹೆಸರಿಟ್ಟವರಿಗೆ ಇದು ಹೊಳೆಯಲಿಲ್ಲವೋ ಏನೋ! ಯಂತ್ರದ್ದಾದರೆ, ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ ಒಂದು ತುಂಡಿನಲ್ಲಿ ಒಂದೇ ಗಾಡಿ ಇರುವಂತೆ ಕಂಪ್ಯೂಟರ್ ಕಾಯುತ್ತಿರುತ್ತದೆ. ಮುಂದಿನ ಗಾಡಿ ಜಾಗ ಬಿಡದಿದ್ದರೆ, ಯಾರೋ ಮೊಬೈಲ್ ಬೀಳಿಸಿದರೆ, ಒಂದು ಸೆನ್ಸರ್ ಅನುಮಾನಪಟ್ಟರೆ ಎಲ್ಲವೂ ನಿಲ್ಲುತ್ತದೆ. ಆಮೇಲೆ ಖಾಲಿ ಗಾಡಿಗಳನ್ನು ಓಡಿಸಿ ನೋಡದೆ ಜನರನ್ನು ಹತ್ತಿಸುವುದಿಲ್ಲ. ಆದ್ದರಿಂದ ‘ಇನ್ನು ಎಷ್ಟು ಹೊತ್ತು’ ಎಂದು ಸಿಬ್ಬಂದಿಯನ್ನು ಪೀಡಿಸುವುದು ವ್ಯರ್ಥ, ಅವರಿಗೂ ಗೊತ್ತಿರುವುದಿಲ್ಲ. ಅಮ್ಮ ನಿಂತಿದ್ದರೆ ಹತ್ತು ನಿಮಿಷ ನೋಡಿ ಹೊರಬನ್ನಿ. ಕೂತಿದ್ದು ಮೇಲೆ ಸೂರು ಇದ್ದರೆ ಅರ್ಧ ಗಂಟೆ ಕೊಡಿ. ‘ಇಷ್ಟು ಹೊತ್ತು ನಿಂತಿದ್ದು ದಂಡವಾಗುತ್ತದಲ್ಲ’ ಎಂಬ ಹಟಕ್ಕೆ ಸಂಜೆ ಮಂಡಿ ಊದಿಕೊಂಡು ಉತ್ತರ ಕೊಡುತ್ತದೆ. ನಿಮ್ಮ ಲೈಟ್ನಿಂಗ್ ಲೇನ್ ಹೊತ್ತಿನಲ್ಲೇ ರೈಡ್ ನಿಂತರೆ ಆ ಪಾಸ್ ಆ್ಯಪ್‌ನಲ್ಲಿ ತಾನಾಗಿ ಬೇರೆ ರೈಡುಗಳಿಗೂ ನಡೆಯುವ ಪಾಸಾಗಿ ಬದಲಾಗುತ್ತದೆ. ಅದನ್ನು ತೆರೆದು ನೋಡದೆ ಕೌಂಟರಿನ ಮುಂದೆ ಮತ್ತೊಂದು ಸಾಲು ನಿಲ್ಲುವವರಿಗೆ ಏನು ಹೇಳುವುದು?

ಹೀಗಾಗಿ ದಿನವನ್ನು ಮಳೆಗೆ ತಕ್ಕಂತೆ ಹೊಂದಿಸಿಕೊಳ್ಳಿ. ಹೊರಾಂಗಣದವು ಬೆಳಿಗ್ಗೆ, ಬಾಗಿಲು ತೆರೆದ ಮೊದಲ ಎರಡು ಗಂಟೆಯಲ್ಲಿ. ಮಧ್ಯಾಹ್ನ ಸೂರಿನಡಿ ತಂಪಾಗಿ ಕೂರುವಂಥವು: ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕುರ್ಚಿ ಸಮೇತ ಒಳಗೆ ಬಿಡುವ ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಪ್ರದರ್ಶನ, ಸುಮಾರು ಇಪ್ಪತ್ತು ನಿಮಿಷ, ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದ ಲ್ಯಾಂಡ್ ದೋಣಿ, ಅನಿಮಲ್ ಕಿಂಗ್‌ಡಮ್‌ನಲ್ಲಿ ಲಯನ್ ಕಿಂಗ್ ರಂಗಪ್ರದರ್ಶನ. ತೋಟ-ತರಕಾರಿ ಇಷ್ಟಪಡುವ ನಮ್ಮ ಅಮ್ಮಂದಿರಿಗೆ ಮಣ್ಣಿಲ್ಲದೆ ಬೆಳೆದ ಟೊಮೆಟೊ ತೋರಿಸುವ ಆ ದೋಣಿಯೇ ಎಲ್ಲಕ್ಕಿಂತ ಮೇಲು.

ಕೊನೆಯದಾಗಿ, ಪ್ರತಿ ರೈಡಿನ ವಿವರದಲ್ಲೂ ನಾಲ್ಕರಲ್ಲೊಂದು ಮಾತಿರುತ್ತದೆ: ಕುರ್ಚಿಯಲ್ಲೇ ಕೂರಬಹುದು, ಸ್ಕೂಟರಿನಿಂದ ಕುರ್ಚಿಗೆ ಬದಲಾಗಬೇಕು, ಕುರ್ಚಿಯಿಂದ ರೈಡಿಗೆ ದಾಟಬೇಕು, ನಡೆಯಲು ಬರಲೇಬೇಕು. ಕೊನೆಯ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ರೈಡ್ ಮೇಲೆಲ್ಲೋ ನಿಂತುಬಿಟ್ಟರೆ ಕಿರಿದಾದ ಹಲಗೆಯ ದಾರಿಯಲ್ಲಿ ನಡೆದು ಮೆಟ್ಟಿಲಿಳಿದು ಬರಬೇಕು, ಅದಕ್ಕೇ ಆ ನಿಯಮ. ನಡೆಯಲಾಗದವರನ್ನು ಇಳಿಸಲು ತರಬೇತಿಯಾದ ತಂಡ ಬರುವವರೆಗೆ ಅಲ್ಲೇ ಕೂರಬೇಕಾಗುತ್ತದೆ. ಎತ್ತರದ ಹಳಿಯಲ್ಲಿ ನಿಧಾನ ಸುತ್ತುವ ಪೀಪಲ್‌ಮೂವರ್ ನೋಡಲು ಪರಮ ಸಾಧು, ಆದರೆ ಚಲಿಸುವ ಇಳಿಜಾರಿನಲ್ಲಿ ಮೇಲೆ ಹೋಗಿ, ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಲೇ ಹತ್ತಬೇಕು. ಎರಡು ಮಹಡಿ ಮೆಟ್ಟಿಲು ಕಂಬಿ ಹಿಡಿದು ಇಳಿಯಲಾರದವರನ್ನು ಅಂಥವಕ್ಕೆ ಕರೆದೊಯ್ಯುವುದನ್ನು ನಾನು ಒಪ್ಪುವುದಿಲ್ಲ. ಪೈರೇಟ್ಸ್ ಆಫ್ ದ ಕ್ಯಾರಿಬಿಯನ್‌ನಂಥ ದೋಣಿ ರೈಡುಗಳಲ್ಲಿ ಕೆಳಕ್ಕೆ ಕಾಲಿಟ್ಟು ತಗ್ಗಾದ ಬೆಂಚಿನಲ್ಲಿ ಕೂರಬೇಕು. ಇಳಿಯುವಾಗ ನೋವಿರುವ ಕಾಲು ಮೊದಲು, ಏಳುವಾಗ ಗಟ್ಟಿ ಕಾಲು ಮೊದಲು. ಏಳಿಸಲು ಕೈ ಹಿಡಿದು ಎಳೆಯಬೇಡಿ, ಕಂಕುಳಿಗೂ ಕೈ ಹಾಕಬೇಡಿ. ನಿಮ್ಮ ಮುಂಗೈಯನ್ನು ಅವರು ಹಿಡಿಯಲಿ.

ಪ್ರಶ್ನೆ: ಪ್ರಯಾಣಕ್ಕೆ ಮುಂಚೆ ‘ಮೂರೇ ದಿನದಲ್ಲಿ ಮಂಡಿ ನೋವು ಮಾಯ’ ಎನ್ನುವ ಪುಡಿ ತೆಗೆದುಕೊಳ್ಳಬಹುದೇ? (ಹಾಸನ)

ಬೇಡ. ಮೂರು ದಿನದಲ್ಲಿ ಮಾಯ ಮಾಡುವ ಲೇಬಲ್ಲಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಹೊಸ ಸಂಗತಿಯಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದು ಸಕ್ಕರೆ ಏರಿಸಿ, ಒರ್ಲಾಂಡೋದ ಆಸ್ಪತ್ರೆ ನೋಡಿ ಬರುತ್ತೀರಿ, ಡಿಸ್ನಿ ಅಲ್ಲ. ಬಿ.ಪಿ. ಮಾತ್ರೆ ನುಂಗುವವರು ಬಿಸಿಲಲ್ಲಿ ಬೆವರಿ ಬಸವಳಿದಾಗ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ನುಂಗಬಾರದು, ಮೂತ್ರಪಿಂಡಕ್ಕೆ ಪೆಟ್ಟು. ಯಕೃತ್ತಿನ (ಲಿವರ್) ತೊಂದರೆ ಇಲ್ಲದವರು ಪ್ಯಾರಾಸಿಟಮಾಲ್ 650 ತೆಗೆದುಕೊಳ್ಳಲಿ, ದಿನಕ್ಕೆ ಮೂರು ದಾಟದಿರಲಿ. ಅಮೆರಿಕದಲ್ಲಿ ಅದಕ್ಕೆ ಅಸಿಟಮಿನೊಫೆನ್ ಎನ್ನುತ್ತಾರೆ. ಊರಿಂದ ತಂದ ಡೋಲೋ ಜತೆ ಮಗ ಕೊಟ್ಟ ಟೈಲೆನಾಲ್ ಸೇರಿದರೆ ಅದು ಎರಡು ಪಾಲು ಒಂದೇ ಮದ್ದು.

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿದೆ. ಸ್ಪೇಸ್ ಮೌಂಟನ್ ರೋಲರ್ ಕೋಸ್ಟರ್ ಹತ್ತಬಹುದೇ? (ಸ್ಯಾನ್ ಹೋಸೆ)

ಹೃದಯದ ತೊಂದರೆ ಇದ್ದವರು ಹತ್ತಬಾರದೆಂದು ಬಾಗಿಲಲ್ಲೇ ಬೋರ್ಡ್ ಹಾಕಿದ್ದಾರೆ, ನನ್ನನ್ನು ಕೇಳುವುದೇಕೆ? ಬೇಡ.

ಪ್ರಶ್ನೆ: ಮಂಡಿಚಿಪ್ಪು ಬದಲಾಯಿಸಿ ಎರಡು ತಿಂಗಳಾಗಿದೆ. ಹೋಗಬಹುದೇ? ಮೆಟಲ್ ಡಿಟೆಕ್ಟರ್‌ಗೆ ಸರ್ಟಿಫಿಕೇಟ್ ಬೇಕೇ? (ಮೈಸೂರು)

ವಿಮಾನಯಾನಕ್ಕೆ ಶಸ್ತ್ರಚಿಕಿತ್ಸೆ ಮಾಡಿದವರ ಒಪ್ಪಿಗೆ ಪಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇನ್ನೂ ಇರುತ್ತದೆ. ಕುಲುಕುವ ರೈಡಿನ ಮಾತನ್ನು ಆರು ತಿಂಗಳು ಎತ್ತಬೇಡಿ. ಸರ್ಟಿಫಿಕೇಟ್ ಬೇಡ, ‘ಮಂಡಿಯಲ್ಲಿ ಲೋಹವಿದೆ’ ಎಂದು ಮುಂಚೆಯೇ ಹೇಳಿ, ಪರೀಕ್ಷಿಸಿ ಬಿಡುತ್ತಾರೆ.

ಪ್ರಶ್ನೆ: ಇಲ್ಲೊಬ್ಬ ಏಜೆಂಟ್ ‘ಡಿಸೆಬಿಲಿಟಿ ಪಾಸ್ ಗ್ಯಾರಂಟಿ’ ಎಂದು ದುಡ್ಡು ಕೇಳುತ್ತಿದ್ದಾನೆ. (ಬೆಂಗಳೂರು)

ಡಿಎಎಸ್‌ಗೆ ಡಿಸ್ನಿ ದುಡ್ಡೇ ತೆಗೆದುಕೊಳ್ಳುವುದಿಲ್ಲ. ಅವನು ಮಾರುತ್ತಿರುವುದು ಏನೆಂದು ಅವನನ್ನೇ ಕೇಳಿ.

ಪ್ರಶ್ನೆ: ಬಿಡದಿಯ ವಂಡರ್‌ಲಾಗೂ ಇದೇ ಸಲಹೆಯೇ? (ರಾಮನಗರ)

ಮಂಡಿಯ ಸಲಹೆ ಇದೇ, ಪಾಸಿನದು ಅಲ್ಲ. ಅಲ್ಲಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ ದುಡ್ಡಿನ ವಿಷಯ, ಕಾಯಿಲೆಯದಲ್ಲ. ವೀಲ್‌ಚೇರ್ ಎಷ್ಟಿವೆ, ಯಾವ ರೈಡಿಗೆ ಎಷ್ಟು ಮೆಟ್ಟಿಲು ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ನೀರಾಟದ ಒದ್ದೆ ನೆಲದಲ್ಲಿ ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಜಾರುತ್ತದೆ. ಹೊರಡುವ ಮುಂಚೆ ತಿರುಗಿಸಿ ನೋಡಿ, ಗೀರುಗಳು ಅಳಿಸಿದ್ದರೆ ಹೊಸದು ಹಾಕಿಸಿ.